ಹಿಡಿ ತಳ್ಳುತ್ತದಂತೆ

ಅಬ್ಬಾ, ತಳ್ಳುತ್ತೆ ಮೇಡಂ, ನಿಜವಾಗ್ಲೂ ಬೆರಳನ್ನ ವಾಪಸ್ ತಳ್ಳುತ್ತೆ — ಚಿಕ್ಕ ಡಾಕ್ಟರ್ ಹೊಸ ಯಂತ್ರದ ಹಿಡಿ ಹಿಡಿದು ನಗುತ್ತಿದ್ದಾನೆ, ಕರುಳು ನೋಡುವ ಕೊಳವೆಯ ತುದಿ ಒಳಗೆ ಕರುಳಿನ ಗೋಡೆಯನ್ನು ಎಷ್ಟು ಒತ್ತುತ್ತದೋ ಅಷ್ಟೇ ಒತ್ತಡ ಇಲ್ಲಿ ಕೈಗೂ ಬರುತ್ತದಂತೆ, ಇನ್ನು ಯಾರ ಕರುಳೂ ಹರಿಯುವುದಿಲ್ಲವಂತೆ, ಕಂಪನಿಯವನು ಹೇಳುತ್ತಲೇ ಇದ್ದಾನೆ, ಈಗ ನೀವು ಬನ್ನಿ ಮೇಡಂ, ಇಪ್ಪತ್ತೆರಡು ವರ್ಷ ಪಳಗಿದ ಕೈ — ಆ ಕೈ ಹೋಗಿ ಎರಡು ವರ್ಷವಾಯಿತಲ್ಲ, ನನ್ನ ಎದೆಯ ಗಡ್ಡೆಗೆಂದು ಹನಿಹನಿಯಾಗಿ ಇಳಿಸಿದ ಔಷಧಿ ಗಡ್ಡೆಯನ್ನೂ ಕರಗಿಸಿತು, ಬೆರಳ ತುದಿಗಳನ್ನೂ ಕೊಂದಿತು, ಉದುರಿದ ಕೂದಲು ಬಂತು, ಸ್ಪರ್ಶ ಬರಲಿಲ್ಲ, ಅಂಗಿಯ ಗುಂಡಿ ಹಾಕುವವರು ಈಗ ನನ್ನ ಗಂಡ, ಡಾಕ್ಟರಿಗೆ ತೋರಿಸೇ ಎಂದರೆ ನಾನೇ ಡಾಕ್ಟರ್ ಅಲ್ವೇನ್ರೀ ಎಂದು ನಕ್ಕೆ, ಅವರು ನಗಲಿಲ್ಲ, ಹಳೆಯ ಯಂತ್ರದಲ್ಲಿ ಚಿಂತೆಯಿರಲಿಲ್ಲ, ಅದರೆದುರು ಕೂತರೆ ಯಾರ ಕೈಗೂ ಏನೂ ತಿಳಿಯುತ್ತಿರಲಿಲ್ಲ, ಎಲ್ಲರೂ ಪರದೆ ನೋಡಿ ನೂಕುವವರೇ, ಅವರ ನಡುವೆ ನಾನೂ ಒಬ್ಬಳು — ಆದರೆ ಅದು ಕೆಟ್ಟು ನಿಂತ ಆ ಒಂದು ದಿನ, ಆ ಟೈಲರ್ ಹೆಂಗಸು, ಡಾಕ್ಟ್ರೇ ಅಂಗಡೀಲಿ ಹೊಲಿಗೆ ರಾಶಿ ಬಿದ್ದಿದೆ ಬೇಗ ಕಳ್ಸಿ ಎಂದಳು, ಆಗಲ್ಲ ಅನ್ನಬೇಕಿತ್ತು, ಅನ್ನಲಿಲ್ಲ, ಕೈಯಲ್ಲೇ ಕೊಳವೆ ಇಳಿಸಿದೆ, ಎಲ್ಲೋ ಬಿಗಿಯಾಗಿರಬೇಕು, ಗೊತ್ತಾಗಲಿಲ್ಲ, ನೂಕಿದೆ, ಕರುಳು ಹರಿಯಿತು, ನಾಲ್ಕನೇ ದಿನ ಸತ್ತಳು, ಕರುಳಿನ ಗೋಡೆ ತೆಳ್ಳಗಿತ್ತು, ಸಾವಿರಕ್ಕೊಬ್ಬರಿಗೆ ಹೀಗಾಗುತ್ತೆ ಎಂದು ಅವಳ ತಮ್ಮನಿಗೆ ಹೇಳಿದೆ, ಅವನು ತಲೆಯಾಡಿಸಿದ, ನಿಮ್ಮ ಕೈಲಾದ್ದು ನೀವು ಮಾಡಿದ್ರಿ ಡಾಕ್ಟ್ರೇ — ನನ್ನ ಕೈಲಾದ್ದು — ಕೂತಿದ್ದೇನೆ, ಎದುರಿಗೆ ಅಭ್ಯಾಸಕ್ಕಿಟ್ಟ ಗುಲಾಬಿ ರಬ್ಬರಿನ ಕರುಳು, ಪರದೆ ಆರಿಸಿಬಿಟ್ಟಿದ್ದಾರೆ, ಕಣ್ಣು ಮುಚ್ಚಿ ಮೇಡಂ, ಬಿಗಿ ಅನ್ಸಿದ ಕೂಡ್ಲೇ ನಿಲ್ಸಿ, ಅನ್ಸ್ತಿದ್ಯಾ, ಹೂಂ ಎನ್ನುತ್ತೇನೆ, ಚೆನ್ನಾಗಿದೆ ಎನ್ನುತ್ತೇನೆ, ಏನೂ ಇಲ್ಲ, ಗಾಳಿಯನ್ನು ಹಿಡಿದ ಹಾಗೆ, ಎಲ್ಲರ ಹಾಗೆ ನಾನೂ ಅಬ್ಬಾ ಅನ್ನಬೇಕು, ಯಾವಾಗ ಅನ್ನಬೇಕು, ಇನ್ನೊಂದಿಷ್ಟು ನೂಕಿದ ಮೇಲೆ ಅನ್ನುತ್ತೇನೆ — ಸಾಕು ಮೇಡಂ, ನಿಲ್ಸಿ, ನಿಲ್ಸಿ — ಕಣ್ಣು ಬಿಟ್ಟರೆ ಎಲ್ಲರೂ ರಬ್ಬರಿನ ಕರುಳನ್ನೇ ನೋಡುತ್ತಿದ್ದಾರೆ, ಆ ಟೈಲರ್ ಹೆಂಗಸಿನ ದಿನ ನನ್ನ ಪಕ್ಕದಲ್ಲಿದ್ದ ಹಿರಿಯ ಸಿಸ್ಟರ್ ಮಾತ್ರ ಹತ್ತಿರ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿಯಿಂದ ಬಿಡಿಸುತ್ತಿದ್ದಾಳೆ, ಮೆಲ್ಲಗೆ, ನನಗಷ್ಟೇ ಕೇಳುವಂತೆ, ಆವತ್ತೂ ಹೀಗೇನಾ ಮೇಡಂ, ಹೂಂ ಎನ್ನುತ್ತೇನೆ, ಆವತ್ತೂ, ಅವಳ ಕೈ ಬಿಸಿಯೋ ತಣ್ಣಗೋ ತಿಳಿಯದು, ರಬ್ಬರಿನ ಗೋಡೆ ಸೀಳಿ ಹೊರಬಂದ ಕೊಳವೆಯ ತುದಿಯಲ್ಲಿ ಪುಟ್ಟ ದೀಪ, ಉರಿಯುತ್ತಲೇ ಇದೆ, ಗೋಡೆಯ ಹೊರಗೆ ದೀಪ, ಹೊರಗೆ ದೀಪ —