ಮೈಕಿನಲ್ಲಿ ಕರೆದದ್ದು

ನೀರಜಾಕ್ಷಿ ಹೋಗಿ ಒಂದು ವರ್ಷವಾಯಿತು. ಕಾಟಿಪಳ್ಳದ ಭಜನಾ ಮಂದಿರದಲ್ಲಿ ಅವಳು ಇಪ್ಪತ್ತು ವರ್ಷ ಹಾಡಿದ್ದಳು. ಅವಳ ನೆನಪಿಗೆ ಮಂದಿರದವರು ಒಂದು ಸಂಜೆ ಇಟ್ಟುಕೊಂಡರು. ಗಂಡನಾದ ನಾನು ಐದು ನಿಮಿಷ ಮಾತನಾಡಬೇಕು.

ಬರೆದದ್ದನ್ನು ಸೊಸೆ ಶ್ರೀಲಕ್ಷ್ಮಿಯ ಮುಂದೆ ಓದಿದೆ. ಅವಳು ಶಾಲೆಯ ಮಕ್ಕಳನ್ನು ಭಾಷಣ ಸ್ಪರ್ಧೆಗೆ ತಯಾರು ಮಾಡುವವಳು.

"ಮಾವ, ಇದು ಅತ್ತೆಯ ವಿಷಯವಾ, ಬಾಗಿಲಿಗೆ ಅಡ್ಡ ನಿಲ್ಲಿಸಿದ ಸ್ಕೂಟರಿನದ್ದಾ?"

ಸುಳ್ಳಲ್ಲ. ದೇವಸ್ಥಾನದಲ್ಲಿ ಪೂಜೆಯ ಜೊತೆಗೆ ಮೈಕಿನ ಕೆಲಸವೂ ಮೂವತ್ತು ವರ್ಷ ನನ್ನದೇ ಆಗಿತ್ತು. ಪ್ರಸಾದ ತೆಗೆದುಕೊಳ್ಳಿ, ಸ್ಕೂಟರ್ ಸರಿಸಿ, ಮಗು ಸಿಕ್ಕಿದೆ, ಎಲ್ಲಕ್ಕೂ ಒಂದೇ ರಾಗ. ದೇವರು ಆಕ್ಷೇಪಿಸಿರಲಿಲ್ಲ.

"ಸ್ವರ ಏರಬೇಕು, ಇಳಿಯಬೇಕು. ನಡುವೆ ಸ್ವಲ್ಪ ನಿಲ್ಲಿಸಿ."

ನಿಲ್ಲಿಸಿದೆ.

"ಅಷ್ಟು ಹೊತ್ತಲ್ಲ ಮಾವ! ಕರೆಂಟ್ ಹೋಯ್ತು ಅಂತ ಜನ ಎದ್ದು ಹೋಗ್ತಾರೆ."

ನಾಲ್ಕು ದಿನ ಕಲಿಸಿದಳು. ಏರಿಸಿದರೆ ಬೈದ ಹಾಗಾಗುತ್ತಿತ್ತು, ಇಳಿಸಿದರೆ ಶೀತವಾದ ಹಾಗೆ. ಹೆಂಡತಿಯ ಜೊತೆ ಹಾಡಿದವರು ಕೇಳಿ, ಈ ಮನುಷ್ಯನಿಗೆ ಏನೂ ಅನಿಸಿಲ್ಲ ಎಂದುಕೊಂಡರೆ? ಆ ಹೆದರಿಕೆಯಲ್ಲೇ ಮೈಕಿನ ಮುಂದೆ ನಿಂತೆ.

"ಶ್ರೀಮತಿ ನೀರಜಾಕ್ಷಿಯವರು..." ಎಂದು ಸುರು ಮಾಡಿದೆ. ಹಿಂದಿನ ಸಾಲಿನಿಂದ ಒಬ್ಬರು ಎದ್ದು, ತಮ್ಮ ಸ್ಕೂಟರ್ ಎಲ್ಲಿದೆ ಎಂದು ನೋಡಿ ಬಂದರು.

ಕಾಗದ ಮಡಚಿದೆ.

"ಹೆಂಡತಿಯ ಹೆಸರು ಹೇಳಿ ನನಗೆ ಅಭ್ಯಾಸ ಇಲ್ಲ. ನಲವತ್ತಾರು ವರ್ಷ 'ಓಯ್' ಅಂತಲೇ ಕರೆದದ್ದು. ಕಾಫಿಗೆ ಒಂದು ಓಯ್." ಕರೆದು ತೋರಿಸಿದೆ. "ನೆಂಟರು ಬಂದರೆ ಇನ್ನೊಂದು." ಅದನ್ನು ಗುಟ್ಟಾಗಿ ಕರೆದೆ. "ಕನ್ನಡಕ ಕಾಣದಿದ್ದರೆ ಮತ್ತೊಂದು. ಅದಕ್ಕೆ ಮಾತ್ರ ಬರ್ತಿರಲಿಲ್ಲ. 'ತಲೆ ಮೇಲೆ ಉಂಟು' ಅಂತ ಒಳಗಿಂದಲೇ ಹೇಳ್ತಿದ್ದಳು."

ಜನ ನಕ್ಕರು.

"ಕಡೆಯದ್ದು ಯಾವುದಕ್ಕೂ ಅಲ್ಲ. ಮನೆಯಲ್ಲಿ ಇದ್ದಾಳಾ ಅಂತ ತಿಳೀಲಿಕ್ಕೆ."

ಅದನ್ನೂ ಕರೆದೆ. ಆಮೇಲೆ ಎಷ್ಟು ಹೊತ್ತು ನಿಲ್ಲಿಸಿದೆನೋ ಗೊತ್ತಿಲ್ಲ. ಯಾರೂ ಎದ್ದು ಹೋಗಲಿಲ್ಲ.

ಹಿಂದಿನ ಅಡುಗೆಕೋಣೆಯಲ್ಲಿ ಉಪ್ಪಿಟ್ಟು ಮಗುಚುತ್ತಿದ್ದ, ಮಂದಿರದ ಅಡುಗೆಯ ವಿನೋದಾಳಿಗೆ ಭಾಷಣ ಕೇಳಿಸಿರಲಿಲ್ಲ, ಓಯ್ ಮಾತ್ರ ಕೇಳಿಸಿತ್ತು. "ಇಲ್ಲೇ ಇದ್ದೇನೆ ಮಾರಾಯ್ರೇ! ಎಂತ ಭಟ್ರೇ, ಕಾಫಿ ಈಗಲೇ ಬೇಕಾ?" ಎಂದು ಕೂಗಿದಳು.

ಶ್ರೀಲಕ್ಷ್ಮಿ ನಗುತ್ತ ಕಣ್ಣೊರಸಿಕೊಂಡಳು. ಅವಳೊಬ್ಬಳೇ ಅಲ್ಲ.

"ಸಕ್ಕರೆ ಕಡಿಮೆ," ಎಂದೆ, ಮೈಕಿನಲ್ಲೇ. ಅದು ಮಾತ್ರ ಹಳೆಯ ರಾಗದಲ್ಲಿ ಬಂತಂತೆ.