ಬಾಗಿಲ ಹತ್ತಿರದ ಹಾಸಿಗೆ

ಆಸ್ಪತ್ರೆಯ ಹೊದಿಕೆ, ದಿಂಬುಗಳನ್ನು ಪೇರಿಸಿಡುತ್ತಿದ್ದ ಕೋಣೆಯನ್ನು ತೆರವು ಮಾಡಿಸಿ, ಒಂದು ಮೇಜು, ಎರಡು ಕುರ್ಚಿ, ಒಂದು ಫೋನು ಇಟ್ಟುಕೊಂಡು ಹಿರಿಯ ವೈದ್ಯೆ ಅಲ್ಲಿ ಕುಳಿತುಕೊಳ್ಳುತ್ತಿದ್ದರು. ನಿವೃತ್ತರಾಗಿದ್ದವರನ್ನು ಸಾಂಕ್ರಾಮಿಕವು ಮತ್ತೆ ಕೆಲಸಕ್ಕೆ ಎಳೆದು ತಂದಿತ್ತು. ಅವರ ಪಾಲಿಗೆ ಬಂದದ್ದು ಉಳಿದವರೆಲ್ಲ ಕೈಕೊಡವಿಕೊಂಡ ಕೆಲಸ: ಬಿರುಸಾಗಿ ಆಮ್ಲಜನಕ ಹರಿಸುವ ಯಂತ್ರವೊಂದು ತೆರವಾದಾಗ, ಅದು ಯಾವ ರೋಗಿಗೆ ಎಂದು ಹೇಳುವುದು.

ಅದಕ್ಕೊಂದು ಕಟ್ಟಳೆಯನ್ನೂ ಅವರೇ ಮಾಡಿದ್ದರು. ರೋಗಿಯನ್ನು ನೋಡಿದವರು ತೀರ್ಮಾನಿಸಬಾರದು. ತೀರ್ಮಾನಿಸುವವರು ರೋಗಿಯನ್ನು ನೋಡಬಾರದು. ವಾರ್ಡಿನವರು ಫೋನಿನಲ್ಲಿ ಉಸಿರಿನ ಸಂಗತಿ ಹೇಳಬೇಕೇ ಹೊರತು, ಹೆಸರೇನು, ಕಸುಬೇನು, ಯಾರ ಕಡೆಯವರು ಎಂದು ಬಾಯಿ ಬಿಡಕೂಡದು. ಅಕಸ್ಮಾತ್ ಗುರುತು ಹತ್ತಿದರೆ ಫೋನನ್ನು ತಕ್ಷಣ ಪಕ್ಕದ ಕುರ್ಚಿಗೆ ದಾಟಿಸಬೇಕು. ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದವರು ಅರಿವಳಿಕೆಯ ವೈದ್ಯರು. ವೈದ್ಯೆಯ ಹಳೆಯ ಗೆಳೆಯರು, ಅದಕ್ಕಿಂತ ಹಳೆಯ ಜಗಳಗಂಟರು. ದೊಡ್ಡ ಮನುಷ್ಯರ ಶಿಫಾರಸುಗಳೆಲ್ಲ ಆ ಬಾಗಿಲಿಗೆ ಹಣೆ ಬಡಿದುಕೊಂಡು ಹಿಂದಿರುಗಿದ್ದವು. ಅದರ ಬಗ್ಗೆ ವೈದ್ಯೆಗೆ ಒಳಗೊಳಗೇ ಹೆಮ್ಮೆಯಿತ್ತು.

ಆ ಮಧ್ಯಾಹ್ನ ವಾರ್ಡಿನ ಕಿರಿಯ ವೈದ್ಯನ ಫೋನು ಬಂತು.

"ಮೇಡಂ, ಒಂದು ಯಂತ್ರ ಸಿಕ್ಕಿದೆ, ಬೇಕಾದವರು ಇಬ್ಬರು. ಇಬ್ಬರದೂ ಬೆಳಗ್ಗೆಯಿಂದ ಹೆಚ್ಚುಕಡಿಮೆ ಒಂದೇ ಸ್ಥಿತಿ. ಕಿಟಕಿ ಹತ್ತಿರದವರನ್ನ ಈಗಷ್ಟೇ ಬೋರಲು ಮಲಗಿಸಿದೀವಿ. ಬಾಗಿಲ ಹತ್ತಿರದವರು…"

ಅವನ ಮಾತಿನ ಹಿಂದಿನಿಂದ ಇನ್ನೊಂದು ದನಿ ತೂರಿಬಂತು: "ಡಾಕ್ಟ್ರೇ… ನಾನು ಓಡಿಸೋ ಬಸ್ಸೇ… ವಾಸಿ ಕಣ್ರೀ… ದಿಬ್ಬ ಹತ್ತುವಾಗಲೂ… ಇಷ್ಟು ಏದುಸಿರು… ಬಿಡ್ತಿರಲಿಲ್ಲ…"

ವೈದ್ಯೆ ಫೋನನ್ನು ಕಿವಿಗೆ ಒತ್ತಿಕೊಂಡರು. ಆ ದನಿ ಅವರ ತಮ್ಮನದು. ಜ್ವರವೆಂದಾಗಲಿ, ಆಸ್ಪತ್ರೆಗೆ ಬಂದೆನೆಂದಾಗಲಿ ಒಂದು ಮಾತನ್ನೂ ತಿಳಿಸಿರಲಿಲ್ಲ, ಪುಣ್ಯಾತ್ಮ.

"ಕಿಟಕಿಯವರಿಗೆ ಕೊಡಿ," ಎಂದು ಫೋನು ಕುಕ್ಕಿದರು.

ಅರಿವಳಿಕೆಯ ವೈದ್ಯರು ಕನ್ನಡಕದ ಮೇಲಿನಿಂದ ನೋಡಿದರು. "ಏನು ಮೇಡಂ, ಒಂದು ಪ್ರಶ್ನೆಯೂ ಇಲ್ಲ? ಬದನೆಕಾಯಿ ಆರಿಸೋಕೇ ನೀವು ಇದಕ್ಕಿಂತ ಹೊತ್ತು ತಗೋತೀರಿ."

"ಬಾಗಿಲ ಹತ್ತಿರ ಇರೋನು ನನ್ನ ತಮ್ಮ."

"ಮತ್ತೆ ಫೋನು ನನಗೆ ಕೊಡಬೇಕಿತ್ತಲ್ಲ?"

"ಯಾಕೆ? ಅವನಿಗೇನು ಕೊಡಿಸಿಬಿಟ್ಟೆನಾ? ಪಕ್ಷಪಾತ ಎಲ್ಲಿ ಬಂತು ಇದರಲ್ಲಿ?"

"ತಮ್ಮ ಅಂತ ಕೊಟ್ಟರೆ ತಪ್ಪು. ತಮ್ಮ ಅಂತ ತಪ್ಪಿಸಿದರೆ ಅದು ಸರಿನಾ? ಅವನು ಮಾಡಿದ ಅಪರಾಧ ಏನು, ನಿಮ್ಮ ಬೆನ್ನಿಗೆ ಹುಟ್ಟಿದ್ದಾ?"

ಜನ ಏನೆಂದಾರು ಎಂಬ ಅಂಜಿಕೆಯನ್ನೇ ತಾವು ನ್ಯಾಯವೆಂದು ತಿಳಿದು ನುಡಿದುಬಿಟ್ಟಿದ್ದು ಆ ಕ್ಷಣ ವೈದ್ಯೆಯ ಅರಿವಿಗೆ ಬಂತು. ಫೋನನ್ನು ಗೆಳೆಯರ ಮುಂದಕ್ಕೆ ನೂಕಿ, ಕಟ್ಟಳೆಯಂತೆ ಎದ್ದು ಹೊರನಡೆದರು. ಬಾಗಿಲು ಮುಚ್ಚುವಾಗ ಒಳಗಿನ ಮಾತು ಕಿವಿಗೆ ಬಿತ್ತು: "ಯಂತ್ರ ಇನ್ನೂ ಒರೆಸ್ತಾ ಇದೀರಾ? ಒಳ್ಳೇದಾಯ್ತು, ಎಲ್ಲಿದೆಯೋ ಅಲ್ಲೇ ಇರಲಿ. ಮೊದಲಿಂದ ಹೇಳಪ್ಪ."

ಮೊಗಸಾಲೆಯಲ್ಲಿ ಅವರು ಗೋಡೆಗೆ ಒರಗಿ ನಿಂತರು. ಎಷ್ಟೋ ಮನೆಯವರು ಹೀಗೆಯೇ ಹೊರಗೆ ನಿಂತು ಒಳಗಿನ ತೀರ್ಮಾನಕ್ಕೆ ಕಾದಿದ್ದರು. ಆ ಕಾಯುವಿಕೆ ಇಷ್ಟು ಉದ್ದವೆಂದು ಒಳಗಿನ ಕುರ್ಚಿ ಅವರಿಗೆ ಒಮ್ಮೆಯೂ ಹೇಳಿರಲಿಲ್ಲ.

ಕೊನೆಗೆ ಬಾಗಿಲು ತೆರೆದು ಗೆಳೆಯರು ಹೊರಬಂದರು.

"ಬೋರಲು ಮಲಗಿದ ಮೇಲೆ ಕಿಟಕಿ ಹತ್ತಿರದ ಹೆಣ್ಣುಮಗಳಿಗೆ ಆಮ್ಲಜನಕ ಏರ್ತಾ ಇದೆ. ಸದ್ಯಕ್ಕೆ ಮಾಸ್ಕೇ ಸಾಕು. ಆಕೆಯ ಪಕ್ಕದಲ್ಲೇ ಒಬ್ಬರು ನರ್ಸ್ ಇರ್ತಾರೆ. ಬಾಗಿಲವರನ್ನ ಮೊದಲೇ ಎರಡು ಸಲ ಹಾಗೆ ಮಲಗಿಸಿ ನೋಡಿದ್ರಂತೆ, ಏನೂ ಉಪಯೋಗ ಆಗಲಿಲ್ಲವಂತೆ. ಆ ಹುಡುಗ ಅದನ್ನೇ ಹೇಳೋಕೆ ಹೊರಟಿದ್ದ, ನೀವು ಫೋನು ಕುಕ್ಕಿದ್ರಿ. ಯಂತ್ರ ಬಾಗಿಲವರಿಗೆ."

"ನನ್ನ ಮುಖ ನೋಡಿ ಕೊಡಿಸಲಿಲ್ಲ ತಾನೇ?"

"ನಿಮ್ಮ ಮುಖ ನೋಡಿದ್ದರೆ ಖಂಡಿತ ಕೊಡಿಸ್ತಿರಲಿಲ್ಲ. ಅಷ್ಟು ಜಗಳ ಆಡಿದೀರಿ ನನ್ನ ಹತ್ತಿರ!"

ವೈದ್ಯೆ ನಕ್ಕರು, ನಗುತ್ತಿದ್ದಂತೆಯೇ ಕಣ್ಣು ತುಂಬಿ, ಮಾಸ್ಕಿನ ಅಂಚು ಒದ್ದೆಯಾಯಿತು.

ಕಿಟಕಿ ಹತ್ತಿರದ ಹೆಣ್ಣುಮಗಳಿಗೆ ಯಂತ್ರ ಬೇಕಾಗಲೇ ಇಲ್ಲ. ಮುಂದಿನ ವಾರ ಆಕೆ ನಡೆದುಕೊಂಡೇ ಮನೆಗೆ ಹೋದಳು. ಆ ಸುದ್ದಿ ಕೇಳಿದ ದಿನವೇ ವೈದ್ಯೆಗೆ ಪೂರ್ತಿ ನಿರಾಳವಾದದ್ದು. ತಮ್ಮನ ಮೂಗಿನಿಂದ ಯಂತ್ರದ ನಳಿಕೆ ತೆಗೆದ ಮೇಲೆ, ಅಡಿಯಿಂದ ಮುಡಿಯವರೆಗೆ ರಕ್ಷಾ ಉಡುಪು ತೊಟ್ಟು ವಾರ್ಡಿಗೆ ಹೋದರು. ಬೇರೆಯವರು ಹೇಳುವ ಮೊದಲು ತಾವೇ ಹೇಳಿಬಿಟ್ಟರು.

"ಯಂತ್ರ ನಿನಗೆ ಬೇಡ ಅಂದಿದ್ದೆ ಕಣೋ, ಮೊದಲು."

ಅವನು ಎದ್ದು ದಿಂಬಿಗೊರಗಿ ಕುಳಿತ. "ಅದರಲ್ಲೇನು ಹೊಸದು ಬಿಡಕ್ಕಾ! ಬೀದಿ ಮಕ್ಕಳಿಗೆಲ್ಲ ಸೀಬೆಹಣ್ಣು ಹೆಚ್ಚಿ ಹಂಚೋವಾಗ, ತಮ್ಮನಿಗೆ ಜಾಸ್ತಿ ಕೊಟ್ಟಳು ಅಂತ ಯಾರಾದರೂ ಆಡಿಕೊಂಡಾರು ಅಂತ ತೊಟ್ಟಿನ ತುಂಡನ್ನೇ ಹುಡುಕಿ ಹುಡುಕಿ ನನ್ನ ಕೈಗೆ ಹಾಕ್ತಿದ್ದವಳು ನೀನೇ ಅಲ್ವೇನೇ!"

ಅಷ್ಟುದ್ದದ ಬೈಗುಳವನ್ನು ಅವನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದ. ಅದನ್ನು ಗಮನಿಸಿದ ವೈದ್ಯೆ, ಇನ್ನಷ್ಟು ಬೈಯಿಸಿಕೊಳ್ಳುವ ಆಸೆಯಿಂದ, ಕುರ್ಚಿಯನ್ನು ಹಾಸಿಗೆಯ ಬಳಿಗೆ ಎಳೆದುಕೊಂಡರು.