ಬಿಚ್ಚಿ ನೋಡಿದ ಕಂಪ್ಯೂಟರು

ಮದ್ದೂರಿನಿಂದ ಹಳ್ಳಿಯ ಶಾಲೆಗೆ ದಿನಾ ಬಸ್ಸಿನಲ್ಲಿ ಓಡಾಡುವ ನಯನ ಮಿಸ್ಸಿಗೆ ಮಂಡ್ಯದ ತರಬೇತಿಯಲ್ಲಿ ಒಂದು ಟ್ಯಾಬ್ ಕೊಟ್ಟಿದ್ದರು. ಆಗ್ಮೆಂಟೆಡ್ ರಿಯಾಲಿಟಿ ಪಾಠವಂತೆ. ಖಾಲಿ ಮೇಜಿನ ಕಡೆ ಹಿಡಿದರೆ ಸಾಕು, ಪರದೆಯಲ್ಲಿ ಆ ಮೇಜಿನ ಮೇಲೆಯೇ ಒಂದು ಕಂಪ್ಯೂಟರು ಬಂದು ಕೂರುತ್ತಿತ್ತು. ಬೆರಳಾಡಿಸಿ ಮುಚ್ಚಳ ತೆಗೆಯಬಹುದು, ಒಳಗಿನದನ್ನೆಲ್ಲ ಬಿಚ್ಚಿ ಮತ್ತೆ ಕೂಡಿಸಬಹುದು. ಒಂಬತ್ತನೇ ಕ್ಲಾಸಿನ ಮಕ್ಕಳು ಮುಗಿಬಿದ್ದರು. ಚಂದನ ಮಾತ್ರ ಹಿಂದಿನ ಬೆಂಚಿನಿಂದ ಏಳಲಿಲ್ಲ.

ಏಳುವುದಾದರೂ ಹೇಗೆ? ಹೋದ ಆಯುಧಪೂಜೆಗೆ ಶಾಲೆಯ ಕಂಪ್ಯೂಟರನ್ನು ಒರೆಸಿ ಕುಂಕುಮ ಇಟ್ಟವಳು ಅವಳು. ಊರಿಗೊಬ್ಬಳೇ ಪದ್ಮಾವತಿ ಎಂಬಂತಿದ್ದ ಆ ಕಂಪ್ಯೂಟರು, ರಜೆ ಮುಗಿದ ಮೇಲೆ ಹಾಕಿದಾಗ, ಪರದೆ ಕಪ್ಪಾಗಿ ಬೀಪ್ ಬೀಪ್ ಎಂದು ಕೂಗಿಕೊಂಡಿತು. ಒದ್ದೆ ಬಟ್ಟೆಯಲ್ಲಿ ಒರೆಸಿ ಒಳಗೆ ನೀರಿಳಿಸಿದ್ದೀಯ ಎಂದು ನಯನ ಎಲ್ಲರೆದುರು ಬೈದು, ಇನ್ನು ಲ್ಯಾಬಿನಲ್ಲಿ ಏನನ್ನೂ ಮುಟ್ಟಕೂಡದು ಅಂದಿದ್ದಳು.

"ಬಾರಮ್ಮ, ಇದು ಬರೀ ಚಿತ್ರ. ಕೆಡೋದಕ್ಕೆ ಇಲ್ಲಿ ಏನೂ ಇಲ್ಲ," ಎಂದು ಈಗ ನಯನಳೇ ಕರೆದಳು.

ಚಂದನ ಅಳುಕುತ್ತ ಬಂದು, ರ‍್ಯಾಮ್ ಎಂದು ಬರೆದಿದ್ದ ಉದ್ದನೆಯ ಪಟ್ಟಿಯನ್ನು ಬೆರಳಿನಿಂದ ಎಳೆದಳು. ಟ್ಯಾಬಿನೊಳಗಿನ ಕಂಪ್ಯೂಟರು ಕಪ್ಪಾಗಿ ಬೀಪ್ ಬೀಪ್ ಎಂದಿತು.

"ಮಿಸ್, ನಮ್ದೂ ಇಂಗೇ ಕೂಗ್ತಿತ್ತು."

ನಯನ ಅಂದಿನಿಂದ ಕೆಟ್ಟು ಮೂಲೆಯಲ್ಲೇ ಕೂತಿದ್ದ ಶಾಲೆಯ ಕಂಪ್ಯೂಟರಿನ ಕಡೆ ತಿರುಗಿದಳು. ಸಂಜೆ ಮಕ್ಕಳು ಹೋದ ಮೇಲೆ ಒಬ್ಬಳೇ ಬಿಚ್ಚಿ ನೋಡಿದರೆ ಯಾರಿಗೂ ತಿಳಿಯದು ಎಂಬ ಯೋಚನೆ ಬಂದದ್ದು ನಿಜ. ಆದರೆ ಬೈದದ್ದು ಎಲ್ಲರೆದುರು ತಾನೆ? ಸ್ಕ್ರೂಡ್ರೈವರ್ ತರಿಸಿ, ಪ್ಲಗ್ ಕಿತ್ತು, ಮಕ್ಕಳ ಮುಂದೆಯೇ ಮುಚ್ಚಳ ತೆಗೆದಳು.

ಒಳಗೆಲ್ಲ ಧೂಳು. ನೀರಿನ ಕಲೆ ಒಂದೂ ಇಲ್ಲ. ರ‍್ಯಾಮ್ ಪಟ್ಟಿಯ ಒಂದು ತುದಿ ತನ್ನ ಜಾಗ ಬಿಟ್ಟು ಮೇಲೆದ್ದಿತ್ತು, ಅಷ್ಟೆ. ಪೂಜೆ ಮುಗಿದ ಮೇಲೆ, ಬಸ್ಸು ತಪ್ಪುತ್ತದೆಂಬ ಅವಸರದಲ್ಲಿ, ಕಂಪ್ಯೂಟರನ್ನು ಪೂಜೆಯ ಮಣೆಯಿಂದ ಎತ್ತಿ ಮೇಜಿನ ಮೇಲೆ ದಡಕ್ಕನೆ ಕುಕ್ಕಿದವಳು ತಾನೇ ಎಂಬುದು ನಯನಳಿಗೆ ಚೆನ್ನಾಗಿ ನೆನಪಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದಳು.

"ನೀನೇ ಕೂಡ್ಸು," ಅಂದಳು.

ಚಂದನ ಟ್ಯಾಬಿನಲ್ಲಿ ನೋಡಿದ ಹಾಗೆಯೇ ಎರಡೂ ತುದಿ ಹಿಡಿದು ಒತ್ತಿದಳು. ಟಕ್ಕೆಂದು ಕೂತಿತು. ಪ್ಲಗ್ ಹಾಕಿದರೆ ಪರದೆ ಬೆಳಗಿತು. ಮಕ್ಕಳು ಚಪ್ಪಾಳೆ ಹೊಡೆದರು.

ನಯನ ಚಪ್ಪಾಳೆ ನಿಲ್ಲುವವರೆಗೆ ಕಾದಳು. "ಚಂದನ ಕೆಡಿಸಿರಲಿಲ್ಲ. ಮೇಜಿನ ಮೇಲೆ ಕುಕ್ಕಿ ಕೆಡಿಸಿದ್ದು ನಾನು. ತಪ್ಪಾಯ್ತು," ಎಂದು ಇಡೀ ಕ್ಲಾಸಿಗೆ ಕೇಳುವಂತೆ ಹೇಳಿದಳು.

ಚಂದನ ಅವಳ ಮುಖವನ್ನೇ ನೋಡಿದಳು.

"ಒಣ ಬಟ್ಟೇಲಿ ಒರ್ಸಿದ್ದು ಅಂತ ಆವತ್ತೇ ಯೋಳಿದ್ನಲ್ಲ ಮಿಸ್. ನೀವ್ ಕೇಳ್ನೇ ಇಲ್ಲ."

"ನೀನ್ ಹೇಳಿದ್ದೆ ಕಣಮ್ಮ," ಅಂದಳು ನಯನ. "ನಾನ್ ಕೇಳ್ನಿಲ್ಲ."